ಹಟ್ಟಿಯಲ್ಲಿರುವ ಸೋದರಮಾವ

ಉಪ್ಪುಂದ
೧೮ ಮಾರ್ಚ್ ೨೦೧೯

ಪ್ರೀತಿಯ ಪದ್ದಕ್ಕಾ,

ಹೇಗಿದ್ದಿ? ಮಂಡಿನೋವು ಕಡಿಮೆಯಾಯಿತಾ? ಡೊಂಬಿವಿಲಿಯ ಆ ಮನೆಗೆ ಮೂರು ಮಾಳಿಗೆ ಹತ್ತಬೇಕು, ಲಿಫ್ಟ್ ಬೇರೆ ಕೆಟ್ಟಿದೆ ಅಂತ ಭಾವ ಹೇಳಿದರು. ಮದುವೆ ಓಡಾಟದಲ್ಲಿ ಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಾಳೆ, ನುಂಗಿದ ಮೇಲೆ ಬಾಯಿ ಕಹಿ ಅಂತ ಒಂದು ತುಂಡು ಬೆಲ್ಲವನ್ನೂ ತಿನ್ನುತ್ತಾಳೆ. ಗೋವರ್ಧನಣ್ಣನೂ ಚೆನ್ನಾಗಿದ್ದಾನೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಈ ಕಾಲದಲ್ಲಿ ಕಾಗದ ಬರೆಯುವವರು ಯಾರು ಅಂತ ನಗಬೇಡ. ವಾಟ್ಸಾಪಿನಲ್ಲಿ ಬರೆದರೆ ಸಿಂಚನಾ ಓದುತ್ತಾಳೆ, ಮದುವೆಗೆ ನಿಂತ ಮಗಳು ಓದುವಂಥದ್ದಲ್ಲ ಇದು. ಫೋನ್ ಮಾಡಿದರೆ ನನಗೆ ಅಳು ಬರುತ್ತದೆ, ಆಗ ನಿನಗೆ ಸರಿಯಾಗಿ ಕೇಳಿಸುವುದಿಲ್ಲ. ಆಮಂತ್ರಣ ಪತ್ರಿಕೆಯ ಫೋಟೊ ತಲುಪಿತು. ಗಣಪತಿಯ ಚಿತ್ರ, ಮದುಮಕ್ಕಳ ಫೋಟೊ ಎಲ್ಲ ಚಂದ ಇದೆ. ಸೋದರಮಾವ ಅಂತ ಇರುವ ಕಡೆ ನಮ್ಮ ಅಣ್ಣನ ಬದಲು ದೊಡ್ಡಮ್ಮನ ಮಗ ಮಧುಸೂದನನ ಹೆಸರಿದೆ. ಅದರ ಹಿಂದೆಯೇ ನಿನ್ನ ದನಿಯ ಮೆಸೇಜೂ ಬಂತು. "ಹೆಣೆ, ಗೋವರ್ಧನನ್ ಕರ್ಕಂಡ್ ಬಪ್ಪುದ್ ಬ್ಯಾಡ. ಗಂಡಿನ ಕಡಿಯರಿಗ್ ಅವ್ನ್ ವಿಷ್ಯ ನಾವಿನ್ನೂ ಹೇಳ್ಲಿಲ್ಲ." ಇಷ್ಟು ವರ್ಷ ಮುಂಬೈಯಲ್ಲಿದ್ದರೂ ಮಾತು ಮಾತ್ರ ಊರಿನದೇ. ಒಂದು ಗಳಿಗೆ ನಮ್ಮ ಅಮ್ಮನೇ ಮಾತಾಡಿದಳು ಅನ್ನಿಸಿತು ನನಗೆ.

ನನ್ನ ಕೆಲಸದ ಬಗ್ಗೆ ನೀನು ಯಾವತ್ತೂ ಸರಿಯಾಗಿ ಕೇಳಿಲ್ಲ, ಇವತ್ತು ಕೇಳು. ಅಂಗವಿಕಲರಿಗೆ ಅಂತ ಸರಕಾರ ಮಾಡಿದ ಕಾನೂನು ಊರಿಗೆ ಎಷ್ಟು ಬಂದು ಮುಟ್ಟಿದೆ ಅಂತ ನೋಡಿ ಬರುವುದು ನನ್ನ ಕೆಲಸ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕು ಸುತ್ತುತ್ತೇನೆ. ಶಾಲೆಗೆ ಇಳಿಜಾರು ದಾರಿ ಕಟ್ಟಿದ್ದಾರಾ, ಕಟ್ಟಿ ಅದರ ಮೇಲೆ ಹೂಕುಂಡ ಇಟ್ಟಿದ್ದಾರಾ, ಪಂಚಾಯತಿಯವರು ಇವರಿಗಾಗಿ ತೆಗೆದಿಟ್ಟ ಹಣದಲ್ಲಿ ಬೀದಿ ದೀಪ ಹಾಕಿಸಿಕೊಂಡಿದ್ದಾರಾ, ಎಲ್ಲ ನೋಡಬೇಕು. ನನ್ನನ್ನು ಕಂಡರೆ ಕೆಲವು ಪಂಚಾಯತಿಯವರಿಗೆ ಊಟದ ಹೊತ್ತಾಗುತ್ತದೆ. ಅದೆಲ್ಲ ಸಲೀಸು. ಕಷ್ಟ ಆಗುವುದು ಮನೆಗಳಲ್ಲಿ. ಅಮಾಸೆಬೈಲಿನಿಂದ ಶಿರೂರಿನವರೆಗೆ ಎಲ್ಲ ಕಡೆ ಬಾಗಿಲಲ್ಲೇ ನಿಂತು ಹೇಳುತ್ತಾರೆ, "ನಮ್ಮನಿಯಂಗೆ ಅಂಥರ್ ಯಾರೂ ಇಲ್ಲ" ಅಂತ. ಶಿರೂರಿನ ಒಂದು ಮನೆಯಲ್ಲಿ ಹಾಗೆ ಹೇಳುತ್ತಿರುವಾಗಲೇ ಅಡುಗೆಮನೆಯ ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು. ಒಂದು ಪಾದ ಒಳಕ್ಕೆ ತಿರುಚಿಕೊಂಡಿತ್ತು, ಎರಡಕ್ಕೂ ಗೆಜ್ಜೆ ಹಾಕಿದ್ದರು. ನಾನು ಆ ತಾಯಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವಳೂ ಅತ್ತಳು, ನಾನೂ ಅತ್ತೆ, ಕಡೆಗೆ ಚಾ ಕೊಟ್ಟಳು.

ಊರವರ ಮನೆಯವರಿಗೆಲ್ಲ ಅಂಗವಿಕಲರ ಗುರುತಿನ ಚೀಟಿ ಮಾಡಿಸುವ ನನ್ನ ಸ್ವಂತ ಅಣ್ಣನಿಗೇ ಚೀಟಿ ಇಲ್ಲ. ಯಾರೇ ಬರಲಿ, ಅವನು ಹಿಂದಿನ ದನದ ಹಟ್ಟಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಕುಂದಾಪುರದ ಆಸ್ಪತ್ರೆಗೆ ಹೊರಡಿಸಿದರೆ, ಕರೆಯಲು ಬಂದ ರಿಕ್ಷಾದವನನ್ನು ಕಂಡೇ ಮಾಯವಾಗುತ್ತಾನೆ. ಕಿವಿ ಕೇಳದ, ಮಾತು ಬಾರದ ಮನುಷ್ಯ, ನಾಚಿಕೆ ಅಂದುಕೊಂಡಿದ್ದೆವು. ಹಸುಗಳನ್ನು ಮಾರಿ ಎಷ್ಟೋ ವರ್ಷವಾಯಿತು, ಈಗ ಅಲ್ಲಿರುವುದು ತೆಂಗಿನ ಗರಿ, ಸಿಪ್ಪೆ, ಅಷ್ಟೇ.

ಹೋದ ಗುರುವಾರ ನಮ್ಮ ಕೆಲಸ ನೋಡಿಕೊಳ್ಳುವ ಶರ್ಮಿಳಾ ಮೇಡಂ ನಮ್ಮ ಮನೆಗೇ ಬಂದರು, ಅಣ್ಣನನ್ನು ನೋಡಬೇಕು ಅಂತ. ಜೊತೆಗೆ ಇಬ್ಬರು ಗಂಡಸರೂ ಇದ್ದರು. ಕುರ್ಚಿ ಸಾಲಲಿಲ್ಲ, ಅಮ್ಮ ಚಾವಡಿಯಲ್ಲಿ ಚಾಪೆ ಬಿಡಿಸಿದಳು. ಅಣ್ಣ ಅಲ್ಲೇ ಕಂಬಕ್ಕೆ ಒರಗಿ ಬಲೆ ಹೊಲಿಯುತ್ತಿದ್ದ. ಚಾಪೆ ಕಂಡದ್ದೇ ಎದ್ದ, ಬಲೆ ಮಡಚಿಟ್ಟ, ಯಾರೂ ಹೇಳದೆ ಹಿಂದಿನ ಬಾಗಿಲಿಂದ ಹೋದ. ನಾನು ಹಿಂದೆಯೇ ಓಡಿದೆ. ಹಟ್ಟಿಯಲ್ಲಿ ಸಿಪ್ಪೆಯ ರಾಶಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಅವನಿಗೆ ಸಿಟ್ಟು ಬಂತು. ಕೊರಳಲ್ಲಿದ್ದ ನನ್ನ ಐಡಿ ಕಾರ್ಡ್ ಹಿಡಿದು ಎಳೆದ. ಇದನ್ನು ತೆಗಿ, ಒಳ್ಳೆಯ ಸೀರೆ ಉಡು, ಹೂ ಮುಡಿ ಅಂತ ಕೈಯಲ್ಲೇ ಹೇಳಿದ. ಮೀಸೆ ತಿರುವಿ ತೋರಿಸಿ ಚಾವಡಿಯತ್ತ ಬೆರಳು ಮಾಡಿದ. ಆಮೇಲೆ ನನ್ನ ಕೊರಳಿಗೆ ಕರಿಮಣಿ ಕಟ್ಟುವ ಹಾಗೆ ಕೈ ಮಾಡಿದ. ತನ್ನ ಎದೆ ತಟ್ಟಿಕೊಂಡು, ನಾನು ಇಲ್ಲೇ ಇರುತ್ತೇನೆ, ನೀನು ಹೆದರಬೇಡ ಅಂತ ಬಾಗಿಲು ಮುಚ್ಚುವ ಸನ್ನೆ ಮಾಡಿ ನಕ್ಕ.

ಪದ್ದಕ್ಕಾ, ಆಗ ನನಗೆ ತಿಳಿಯಿತು. ತೊಂಬತ್ತೇಳರಲ್ಲಿ ಭಾವನ ಮನೆಯವರು ನಿನ್ನನ್ನು ನೋಡಲು ಬಂದ ದಿನ ನಿನಗೆ ನೆನಪಿದೆಯಲ್ಲ? ಅಮ್ಮ ಅದೇ ಚಾವಡಿಯಲ್ಲಿ ಚಾಪೆ ಹಾಸಿ, "ಅವ್ನನ್ ಕಂಡ್ರೆ ಹೆಣ್ ಬ್ಯಾಡ ಅಂತ್ರ್" ಅಂತ ಅಣ್ಣನ ಕೈಗೆ ಗೋಳಿಬಜೆಯ ತಟ್ಟೆ ಕೊಟ್ಟು ಹಟ್ಟಿಗೆ ಕಳಿಸಿದಳು. ಧಾರೆಯ ದಿನವೂ ಅಲ್ಲೇ ಇದ್ದ. ನಿನ್ನ ಮದುವೆಯಾಯಿತು. ಅವನು ಅದನ್ನು ಅವಮಾನ ಅಂತ ತಿಳಿದುಕೊಳ್ಳಲಿಲ್ಲ, ಅಕ್ಕ ತಂಗಿಯರ ಮದುವೆಗೆ ತಾನು ಮಾಡಬೇಕಾದ ಕೆಲಸ ಅಂತ ತಿಳಿದುಕೊಂಡ. ಅವತ್ತಿನಿಂದ ನಮ್ಮ ಮನೆಗೆ ಬಂದ ಪಂಚಾಯತಿಯವರು, ಕರೆಂಟಿನವರು, ಓಟು ಕೇಳುವವರು, ಎಲ್ಲರೂ ಅವನ ಕಣ್ಣಿಗೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೇ. ಅವನ ಲೆಕ್ಕದಲ್ಲಿ ನನ್ನನ್ನು ಬೇಡ ಅಂದವರು ಎಷ್ಟು ಜನರೋ ದೇವರೇ ಬಲ್ಲ! ಮೂವತ್ತಾರಾಯಿತು ನನಗೆ, ಮದುವೆಯ ಆಸೆ ನಾನು ಬಿಟ್ಟರೂ ಅವನು ಬಿಟ್ಟಿಲ್ಲ. ಮೊನ್ನೆ ಹಟ್ಟಿಯಲ್ಲಿ, ಮೇಡಂ ಬಂದದ್ದು ನನ್ನನ್ನಲ್ಲ, ನಿನ್ನನ್ನು ನೋಡಲು ಅಂತ ನಾನು ಅವನತ್ತ ಬೆರಳು ಮಾಡಿದೆ. ತಮಾಷೆ ಮಾಡುತ್ತೀಯಾ ಅಂತ ನನ್ನ ತಲೆಗೊಂದು ಮೊಟಕಿದ. ನನಗೆ ಎದೆ ಒಡೆದು ಹೋಯಿತು ಅಕ್ಕ. ಗರಿಯ ಮೇಲೆ ಕೂತು ಅತ್ತೆ. ಅವನಿಗೆ ಏನೂ ಅರ್ಥವಾಗದೆ ಬೈರಾಸಿನಿಂದ ನನ್ನ ಮುಖ ಒರೆಸಿ ಒರೆಸಿ ಚಾವಡಿಗೆ ಅಟ್ಟಿದ. ಮೇಡಂ ಅವನನ್ನು ನೋಡದೆಯೇ ಹೋದರು.

ನೀನು ಕೆಟ್ಟವಳಲ್ಲ, ಹೆದರಿದ್ದಿ ಅಂತ ಗೊತ್ತು. ಆದರೆ ಯೋಚಿಸಿ ನೋಡು, ನಿನ್ನ ಮದುವೆಯಾದ ಮೇಲೆ ಅಣ್ಣನ ವಿಷಯ ತಿಳಿದಾಗ ಭಾವ ಒಂದು ಮಾತಾದರೂ ಅಂದರಾ? ಮುಂದಿನ ಸಲ ಬರುವಾಗ ಅಣ್ಣನಿಗೊಂದು ವಾಚ್ ತಂದರು. ಚಿಕ್ಕವಳಿದ್ದಾಗ ಸಿಂಚನಾ ಕಡಲು ಕಂಡದ್ದೇ ಅವನ ಹೆಗಲ ಮೇಲೆ ಕೂತು. ನೀವು ಗೊತ್ತುಮಾಡಿದ ಕೋಟದ ಹಾಲ್‌ಗೆ ಇಳಿಜಾರು ದಾರಿ, ಹಿಡಿಕಂಬಿ ಎಲ್ಲ ಇದೆ, ಹೋದ ವರ್ಷ ನಾನೇ ನೋಡಿ ಸರಿಯಿದೆ ಅಂತ ಬರೆದುಕೊಟ್ಟಿದ್ದೆ. ನಮ್ಮ ಅಣ್ಣನಿಗೆ ಅದು ಯಾವುದೂ ಬೇಡ. ಧಾರೆಗೆ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಲು ಕಿವಿಯೂ ಬೇಡ, ಬಾಯಿಯೂ ಬೇಡ. ಆ ಕೈ ಅವನದಾಗಿರಲಿ. ನನಗೆ ಬೇಕಾದದ್ದು ಇಷ್ಟೇ. ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ ಅಂದಿದ್ದಿ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮದುಮಗಳಿಗೆ ಅಮ್ಮನ ಆಶೀರ್ವಾದ, ನನ್ನ ಮುತ್ತು. ಕಾಲಿಗೆ ಎಣ್ಣೆ ಹಚ್ಚು.

ನಿನ್ನ ತಂಗಿ,
ಹರಿಣಾಕ್ಷಿ

ಲಕೋಟೆ ಅಂಟಿಸಿರಲಿಲ್ಲ, ಅದಕ್ಕೇ ಇಷ್ಟು ಸೇರಿಸುತ್ತಿದ್ದೇನೆ. ಈಗಷ್ಟೇ ಅಮ್ಮ ಅಣ್ಣನಿಗೆ ಪತ್ರಿಕೆಯ ಫೋಟೊ ತೋರಿಸಿದಳು. ಸಿಂಚನಾಳ ಮುಖ ಗುರುತಿಸಿ ಕುಣಿದಾಡಿಬಿಟ್ಟ. ಹೆಗಲು ತಟ್ಟಿ ತಟ್ಟಿ ತೋರಿಸಿದ. ಆಮೇಲೆ ಹೋಗಿ ಹಟ್ಟಿ ಗುಡಿಸಿದ. ತಲೆದಿಂಬು, ಊಟದ ತಟ್ಟೆ, ಭಾವ ಕೊಟ್ಟ ವಾಚು, ಎಲ್ಲ ಅಲ್ಲಿಗೆ ಹೊತ್ತ. ಮದುವೆಗೆ ಇನ್ನೂ ಒಂದು ತಿಂಗಳಿದೆ, ಈಗಲೇ ಹೋಗಿ ಕೂತಿದ್ದಾನೆ. ಅಮ್ಮ ಕರೆದರೂ ಬರಲಿಲ್ಲ, ನಾನು ಎಳೆದರೂ ಬರಲಿಲ್ಲ. ನಿನ್ನ ಹೆಸರಿಗೆ ಅವನು ಮಾಡುವ ಉದ್ದ ಜಡೆಯ ಸನ್ನೆ ಮಾಡಿ ಬಾಗಿಲು ಹಾಕಿಕೊಂಡ. ಅವತ್ತು ಅವನು ಒಳಗೆ ಹೋದದ್ದು ನಿನಗಾಗಿ ಪದ್ದಕ್ಕಾ, ನಾವು ಯಾರು ಕರೆದರೂ ಹೊರಗೆ ಬರುವುದಿಲ್ಲ. ಮದುವೆಯ ಹೇಳಿಕೆ ಹೇಳಿ ನಮ್ಮನ್ನು ಕರೆಯಲು ಬಂದಾಗ ಚಾವಡಿಗೆ ಬರಬೇಡ. ಚಾಪೆಯನ್ನು ನಾನು ಹಟ್ಟಿಯಲ್ಲಿ ಹಾಸಿಟ್ಟಿರುತ್ತೇನೆ. ಅವನ ಪಕ್ಕ ಕೂತು, ವೀಳ್ಯ ಮೊದಲು ಅವನ ಕೈಗೆ ಕೊಡು.