ಬಾಗಿಲಾಚೆ ಉಳಿದ ವಾಕರ್

ಮಗಳೇ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ಅಪ್ಪನಿಗೆ ಊಟವಾದ ಮೇಲೆ ಮಾತ್ರೆ ಕೊಡು, ಮರೆಯಬೇಡ. ನಿನ್ನ ಮರೆವಿಗೆ ದಿನಾ ಬೈಯುತ್ತಿದ್ದೆ, ಈಗ ನನಗೆ ಆ ಬಾಯಿಲ್ಲ.

ನಮ್ಮ ವೃದ್ಧಾಶ್ರಮದಲ್ಲಿರುವ ಟೀಚರಮ್ಮ ಬಿದ್ದು ಸೊಂಟ ಮುರಿದುಕೊಂಡರು ಎಂದೆನಲ್ಲ, ಅದು ನನ್ನಿಂದಲೇ ಆದದ್ದು. ನೆಲ ಒರೆಸಲೆಂದು ಅವರ ವಾಕರನ್ನು ಬಾಗಿಲಾಚೆ ಇಟ್ಟಿದ್ದೆ. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಗಂಟೆ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲರೂ ಚಾಪೆಲ್‌ಗೆ ಹೋಗಬೇಕು, ನಾನೂ ಓಡಿದೆ. ಟೀಚರಮ್ಮನೂ ಗಂಟೆ ಕೇಳಿಯೇ ಎದ್ದಿದ್ದಾರೆ. ಹಿಡಿದುಕೊಳ್ಳಲು ಕೈಗೆ ಏನೂ ಸಿಕ್ಕಿಲ್ಲ.

ತಪ್ಪು ಅವರನ್ನು ನೋಡಿಕೊಳ್ಳುವ ಆಯಾಳದು ಎಂದುಕೊಂಡು ಆಶ್ರಮ ನಡೆಸುವ ಸಿಸ್ಟರ್ ಇವತ್ತು ಅವಳನ್ನು ಕೆಲಸದಿಂದ ತೆಗೆಯುತ್ತಾರಂತೆ. "ನಾನೇನ್ ಮಾಡ್ದೆ ಹೇಳಿ ದೊಡ್ಡಮ್ಮಾ" ಎಂದು ನನ್ನ ಮುಂದೆಯೇ ಅತ್ತಳು. ನಾನು ಒರೆಸುವ ಬಟ್ಟೆ ಹಿಂಡುತ್ತಾ ನಿಂತೆ. ಸಿಸ್ಟರ್ ಅವಳನ್ನು ಕರೆಯುವುದರೊಳಗೆ ಹೋಗಿ ನಿಜ ಹೇಳಿಬಿಡುತ್ತೇನೆ. ಮನೆಗೆ ಕಳಿಸುತ್ತಾರೋ, ಪೊಲೀಸರನ್ನು ಕರೆಸುತ್ತಾರೋ, ಗೊತ್ತಿಲ್ಲ. ಅಪ್ಪನ ಕಿವಿಗೆ ಹಾಕಬೇಡ.

ಇನ್ನೊಂದು. ಅಪ್ಪನ ಊರುಗೋಲು ಮಂಚಕ್ಕೆ ಒರಗಿಸಿದೆ. ಗುಡಿಸುವಾಗ ಅದನ್ನು ಜರುಗಿಸಬೇಡ. ಅಲ್ಲಿ ಕಸ ಇದ್ದರೆ ಇರಲಿ.