ಇಪ್ಪತ್ತು ನಿಮಿಷದಲ್ಲಿ ಎರಡು ಭೇಟಿ

ಮಾನ್ಯ ಚುನಾವಣಾಧಿಕಾರಿಗಳೇ,

ನನ್ನ ಹೆಂಡತಿ ಮತ ಹಾಕಲು ಆಸಕ್ತಿ ತೋರಲಿಲ್ಲ ಎಂದು ನನ್ನ ದೂರಿಗೆ ನಿಮ್ಮ ಕಚೇರಿ ಬರೆದ ಉತ್ತರ ತಲುಪಿತು. ಅವಳು ತೀರಿಕೊಂಡು ತಿಂಗಳಾಗಿದೆ. ಇನ್ನು ಜಗಳಕ್ಕೆ ಬರುವವರಿಲ್ಲ ಎಂಬ ಧೈರ್ಯ ನಿಮಗೆ ಬಂತೋ ಏನೋ. ದಿನಚರಿ ಬಿಟ್ಟು ಬೇರೇನೂ ಬರೆದವನಲ್ಲ ನಾನು. ಆದರೂ ಪತ್ರಿಕೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ.

ಅವಳು ಬಟ್ಟೆ ಹೊಲಿಯುತ್ತಿದ್ದಳು. ರೇಡಿಯೊ ಕೇಳುತ್ತ, ಯಾವ ದೇಶದಲ್ಲಿ ಹೇಗೆ ಚುನಾವಣೆ ನಡೆಯುತ್ತದೆ ಎಂದು ಅಳತೆ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಆಸ್ಟ್ರೇಲಿಯಾದಲ್ಲಿ ಮತ ಹಾಕದಿದ್ದರೆ ದಂಡ. ಜರ್ಮನಿಯಲ್ಲಿ ಒಬ್ಬರಿಗೆ ಎರಡು ಮತ. ಒಂದು ಅಭ್ಯರ್ಥಿಗೆ, ಒಂದು ಪಕ್ಷಕ್ಕೆ. "ನಮಗೂ ಹಾಗಿದ್ದಿದ್ರೆ ಮನೇಲಿ ಜಗಳ ಅರ್ಧ ಕಮ್ಮಿ ಆಗೋದು ಕಣ್ರೀ" ಎನ್ನುತ್ತಿದ್ದಳು. ನಲವತ್ತು ವರ್ಷ ನಾವಿಬ್ಬರೂ ಬೇರೆ ಬೇರೆ ಪಕ್ಷಕ್ಕೆ ಹಾಕಿದವರು. "ನಿಮ್ದು ನಂದು ಸೇರಿ ಸೊನ್ನೆ. ಆದ್ರೂ ಹೋಗೋಣ, ಏಳಿ" ಎಂದು ಪ್ರತಿ ಸಲ ಅವಳೇ ಹೊರಡಿಸುತ್ತಿದ್ದಳು.

ಸ್ವೀಡನ್ನಿನಲ್ಲಿ ಕಾಯಿಲೆಯವರ ಮನೆಗೇ ಹೋಗಿ ಮತ ಪಡೆಯುತ್ತಾರಂತೆ. ನಮ್ಮಲ್ಲೂ ತೀರಾ ವಯಸ್ಸಾದವರಿಗೆ, ಎದ್ದು ನಡೆಯಲಾಗದವರಿಗೆ ಆ ವ್ಯವಸ್ಥೆ ಬಂದಾಗ ಅವಳ ಸಂತೋಷಕ್ಕೆ ಪಾರವಿರಲಿಲ್ಲ. ಮಲಗಿದಲ್ಲೇ ಅರ್ಜಿಗೆ ಸಹಿ ಹಾಕಿದಳು. ಮಂಗಳವಾರ ಬರುತ್ತೇವೆಂದ ನಿಮ್ಮವರು ಸೋಮವಾರವೇ ಬಂದರು. ನಾವು ಆಸ್ಪತ್ರೆಯಲ್ಲಿ ಅವಳ ಶ್ವಾಸಕೋಶದ ನೀರು ತೆಗೆಸುತ್ತಿದ್ದೆವು. ಎದುರುಮನೆಯವರು ಹೇಳಿದ್ದು: "ಅಣ್ಣಾ, ಬೆಲ್ ಒತ್ತಿದ್ರು. ಕೆಳಗೆ ಹೋಗಿ ಟೀ ಕುಡಿದ್ರು. ವಾಪಸ್ ಬಂದು ಇನ್ನೊಂದ್ ಸಲ ಒತ್ತಿದ್ರು. ಎರಡು ಸಲ ಬರಬೇಕು ಅಂತ ರೂಲ್ಸಂತೆ, ಮುಗೀತಂತೆ."

ಇಂಥ ನಿಯಮಪಾಲನೆ ಸ್ವೀಡನ್ನಿನವರಿಗೆ ಹೊಳೆದೀತೇ?

ಮತದಾನದ ದಿನ ಅವಳನ್ನು ಚಕ್ರವಿದ್ದ ಹೊಲಿಗೆಯ ಕುರ್ಚಿಯಲ್ಲೇ ಕೂರಿಸಿ ತಳ್ಳಿಕೊಂಡು ಹೋದೆ. ಮತಗಟ್ಟೆಯ ಮೆಟ್ಟಿಲ ಬಳಿ ಎರಡೂ ಪಕ್ಷದವರು ಓಡಿಬಂದು ಒಂದೊಂದು ಕಡೆ ಹಿಡಿದರು.

"ಅಮ್ಮಾ, ನಮಗೇ ತಾನೆ?"

"ಮೊದ್ಲು ಎತ್ರಪ್ಪಾ. ಉತ್ತರ ಹೇಳಿದ್ರೆ ಒಬ್ಬ ಕೈಬಿಡ್ತಾನೆ."

ಎಲ್ಲರೂ ನಕ್ಕರು. ಒಳಗೆ ಮತಗಟ್ಟೆಯ ಅಧಿಕಾರಿ ಪಟ್ಟಿ ನೋಡಿ, "ಇವರದು ಮನೆ ಮತ ಅಂತ ಗುರುತಾಗಿದೆ ಸಾರ್. ಇಲ್ಲಿ ಕೊಡೋಕಾಗಲ್ಲ" ಎಂದರು.

"ಮನೇಲಿ ಇರ್ಲಿಲ್ಲ ಅಂತ ಬರ್ಕೊಂಡ್ರಲ್ಲ, ಈಗ ಇಲ್ಲಿದೀನಿ. ನೋಡಿ ಬರ್ಕೊಳ್ಳಿ" ಎಂದಳು ಇವಳು.

"ಮುಂದಿನ ಸಲ ಖಂಡಿತ, ಅಮ್ಮಾ."

ಆ ಅಧಿಕಾರಿ ಒಳ್ಳೆಯವರೇ, ನೀರು ತರಿಸಿಕೊಟ್ಟರು. "ನೀವಾದ್ರೂ ಹಾಕಿ ಬನ್ನಿ" ಎಂದು ಅವಳು ನನ್ನನ್ನು ತಳ್ಳಿದಳು. ಹಾಕಿದೆ. ನನ್ನ ಮತವನ್ನು ಸೊನ್ನೆ ಮಾಡುವವರು ಆ ದಿನ ಯಾರೂ ಇರಲಿಲ್ಲ. ನನ್ನ ಪಕ್ಷವೇ ಗೆದ್ದಿತು. ಅಂಥ ಗೆಲುವು ನನಗೆ ಬೇಕಿರಲಿಲ್ಲ. ಹತ್ತೊಂಬತ್ತನೇ ದಿನ ಅವಳು ಹೋದಳು.

ಅವಳ ಒಂದು ಮತದಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ, ಬಲ್ಲೆ. ಯಾರನ್ನೂ ಅಮಾನತು ಮಾಡಬೇಡಿ. ಬೆಲ್ ಒತ್ತಿದವರಿಗೂ ಅಂದು ನಲವತ್ತು ಮನೆಗಳಿದ್ದವಂತೆ. ಆದರೆ ನಿಮ್ಮ ಕಡತದಲ್ಲಿ 'ಆಸಕ್ತಿ ತೋರಲಿಲ್ಲ' ಎಂಬ ಸಾಲನ್ನು ಹೊಡೆದುಹಾಕಿ, 'ಮತದಾರರು ಬಂದಿದ್ದರು. ನಾವು ವಾಪಸು ಕಳಿಸಿದೆವು' ಎಂದು ಬರೆದು, ಸಹಿ ಹಾಕಿ, ನನಗೊಂದು ಪ್ರತಿ ಕೊಡಿ. ಮಂಗಳವಾರ ಬರುತ್ತೇನೆ. ಸೋಮವಾರವಲ್ಲ.

ಇಂತಿ,
ಮುಂದಿನ ಸಲ ಒಬ್ಬನೇ ಬರಬೇಕಾದ ಮತದಾರ