ನಿನ್ನ ರಾಡು ಹೊಳೆಗೆ ಹೋಯಿತು

ಒಶಾವಾ
ಸೋಮವಾರ, 27 ಜನವರಿ 2025

ಗೆಳೆಯ ನಿಜಗುಣನಿಗೆ ರೇವಣಸಿದ್ದಪ್ಪನ ಶರಣು.

ನಾನೂ ಗಿರಿಜವ್ವನೂ, ಗಂಡಹೆಂಡತಿ ಇಬ್ಬರೂ ಆರಾಮ ಇದ್ದೇವೆ. ಮಗಳು ತೃಪ್ತಿಯ ಮನೆಯಲ್ಲಿ ನೀನೂ ಆರಾಮ ಇದ್ದೀ, ಕೋಲು ಹಿಡಿದು ಅಂಗಳದ ತನಕ ಅಡ್ಡಾಡುತ್ತೀ ಅಂತ ನಮ್ಮ ಟ್ರಕ್ಕಿನ ಈರೇಶ ಹೇಳಿದ. ನಿನ್ನ ಸುದ್ದಿ ನನಗೆ ಈರೇಶನ ಬಾಯಿಂದ ತಿಳಿಯಬೇಕು, ಇರಲಿ. ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ತಡವಾಗಲು ನೀನೂ ಕಾರಣ. ಹನ್ನೊಂದು ತಿಂಗಳಿಂದ ನನ್ನ ಫೋನು ಎತ್ತಿಲ್ಲ, ವಾಟ್ಸಾಪಲ್ಲಿ ಕಳಿಸಿದ್ದನ್ನು ತೆರೆದೂ ನೋಡಿಲ್ಲ. ಒಶಾವಾದಿಂದ ನಿಮ್ಮ ಯೂನಿಯನ್‌ವಿಲ್ಲಿಗೆ ಕಾರಲ್ಲಿ ನಲವತ್ತು ನಿಮಿಷ. ಅಷ್ಟು ದೂರಕ್ಕೆ ಅಂಚೆಚೀಟಿ ಹಚ್ಚುವ ಗತಿ ಬಂತು ನನಗೆ.

ಹೋದ ಫೆಬ್ರವರಿಯಲ್ಲಿ ನಾವಿಬ್ಬರೂ ಮೀನು ಹಿಡಿಯಲು ಹೋದಾಗ ನೀನು ಹೊಳೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡೆ. ನಾನು ಮೇಲಿನ ಮಡುವಿನಲ್ಲಿದ್ದೆ, ನನಗೆ ಕಾಣಲಿಲ್ಲ. ಇದನ್ನು ಆಸ್ಪತ್ರೆಯಲ್ಲಿ ಹೇಳಿದೆ, ತೃಪ್ತಿಗೆ ಹೇಳಿದೆ, ಕನ್ನಡ ಸಂಘದ ಯುಗಾದಿ ಊಟದಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಹೇಳಿ ಹೇಳಿ ಬಾಯಿ ಒಣಗಿತು. ಇಪ್ಪತ್ತಾರು ವರ್ಷದ ಗೆಳೆತನವನ್ನು ಒಂದು ಮಾತೂ ಆಡದೆ ಮುಗಿಸುತ್ತಾರೇನೋ? ಬೈಯಬಾರದಿತ್ತೇ? ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ.

ಈಗ ಕೆಟ್ಟ ಸುದ್ದಿ. ನಮ್ಮ ಗರಾಜಿನಲ್ಲಿ ಉಳಿದಿದ್ದ ಮೀನು ಹಿಡಿಯುವ ನಿನ್ನ ಹಸಿರು ರಾಡು ಹೊಳೆಗೆ ಹೋಯಿತು. ಮೊನ್ನೆ ಶನಿವಾರ. ಕಳೆದವನು ನಾನಲ್ಲ, ಈರೇಶ.

ಈ ಚಳಿಗಾಲ ಟ್ರೌಟು ಮೀನು ಹಿಡಿಯಲು ಹೋಗುವುದೇ ಬೇಡ ಅಂತ ಕೂತಿದ್ದೆ. ಈರೇಶ ಬಿಟ್ಟರೆ ತಾನೆ. ನಿನಗೆ ಗೊತ್ತಲ್ಲ, ಟ್ರಕ್ಕಿನಿಂದ ಇಳಿದವನೇ ನಮ್ಮ ಮನೆಗೆ ಬಂದು, "ಕಾಕಾ, ನನಗೂ ಕಲಿಸ್ರಿ" ಅಂತ ಗಂಟುಬೀಳುತ್ತಾನೆ. ಬೆಳಗಾವಿಯವನಿಗೆ ಇಲ್ಲ ಅನ್ನುವುದು ಕಷ್ಟ. ಅವನ ಹತ್ತಿರ ರಾಡು ಇರಲಿಲ್ಲ, ನಿನ್ನದು ಕೊಟ್ಟೆ. ಜೊತೆಗೆ ವಿಟ್ಬಿಯ ಶ್ರೀನಾಥ ಬಂದ. ನಿನಗೆ ಪರಿಚಯವಿಲ್ಲ, ಮೈಸೂರಿನವನು, ಸಾಫ್ಟ್‌ವೇರ್ ಕೆಲಸ. ನೀರಿಗೆ ಕಾಲಿಡುವ ಮೊದಲೇ ಅಂಗಡಿಯಲ್ಲಿದ್ದದ್ದನ್ನೆಲ್ಲ ಕೊಂಡಿದ್ದ. ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು ಕೂಡ.

ಹೊರಡುವಾಗ ಗಿರಿಜವ್ವ ಬಾಗಿಲಲ್ಲಿ ನಿಂತು ಪ್ರತಿ ವರ್ಷದ ಮಾತನ್ನೇ ಆಡಿದಳು. "ನಾವು ಲಿಂಗವಂತ್ರು. ತಿನ್ನೂದಿಲ್ಲ ಅಂದಮ್ಯಾಲ ಅದರ ಬಾಯಿ ಯಾಕ ಹರೀತೀರಿ?"

"ಹಿಡದು ಬಿಡತೀವಲ್ಲ" ಅಂದೆ.

"ಬಿಡೂದಿದ್ರ ಹಿಡಿಯೂದ್ಯಾಕ?" ಅಂದು ರೊಟ್ಟಿ ಬುತ್ತಿ ಕೈಗಿಟ್ಟು ಬಾಗಿಲು ಹಾಕಿಕೊಂಡಳು.

401 ಹೆದ್ದಾರಿಯಲ್ಲಿ ಒಂದು ತಾಸು. ಮಿಸಿಸಾಗಾ ಮುಟ್ಟುವಷ್ಟರಲ್ಲಿ ಈರೇಶನ ಮಾತು ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಮೈನಸ್ ಹನ್ನೊಂದು. ದಡದುದ್ದಕ್ಕೂ ಮಂಜುಗಡ್ಡೆಯ ಅಂಚು, ನಡುವೆ ಕಪ್ಪು ನೀರು. ರಾಡಿನ ಉಂಗುರಗಳಲ್ಲಿ ನೀರು ಹೆಪ್ಪುಗಟ್ಟಿ ದಾರ ಸರಿಯುವುದಿಲ್ಲ. ಮೂರು ಸಲ ಬೀಸುವುದು, ತುದಿಯನ್ನು ನೀರಲ್ಲಿ ಅದ್ದಿ ಮಂಜು ಬಿಡಿಸುವುದು, ಮತ್ತೆ ಬೀಸುವುದು. ಡಿಸೆಂಬರಿಡೀ ಬೇಸ್‌ಮೆಂಟಲ್ಲಿ ಕೂತು ಪುಕ್ಕ, ದಾರ ಸುತ್ತಿ ನಾನು ಮಾಡಿದ್ದ ಗಾಳಗಳಲ್ಲಿ ಒಂಬತ್ತನ್ನು ಈರೇಶ ಗಿಡದ ಟೊಂಗೆಗಳಿಗೆ ಏರಿಸಿದ. ಒಂದನ್ನು ತನ್ನ ಟೊಪ್ಪಿಗೆಗೇ ಸಿಕ್ಕಿಸಿಕೊಂಡ. "ಈ ಗಿಡಾನ ಅಡ್ಡ ಬರ್ತಾವ್ರಿ ಕಾಕಾ" ಅಂತ ನನಗೇ ದೂರು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.

ಶ್ರೀನಾಥನ ಕೈಗವಸಿನ ಬ್ಯಾಟರಿ ಹತ್ತು ಗಂಟೆಗೇ ಸತ್ತಿತು. ದಡದಲ್ಲಿ ನಿಂತು ಫೋನು ನೋಡುತ್ತ, "ಅಂಕಲ್, ಈ ವಿಡಿಯೋದಲ್ಲಿ ಬೇರೆ ಥರ ಹೇಳ್ತಾರೆ" ಅಂದ.

"ಹಂಗಾರ ವಿಡಿಯೋದಾಗಿನ ಮೀನಾನ ಹಿಡಿಯಪ್ಪಾ" ಅಂದೆ.

ಮಧ್ಯಾಹ್ನದವರೆಗೆ ಮೂವರಿಗೂ ಏನೂ ಇಲ್ಲ. ಕಾರಲ್ಲಿ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ನೀನಿದ್ದರೆ ಇಂಥ ಹೊತ್ತಿನಲ್ಲಿ ಇಬ್ಬರೂ ಮಾತಿಲ್ಲದೆ ಕೂರುತ್ತಿದ್ದೆವು. ಆ ಸುಮ್ಮನಿರುವುದಕ್ಕೇ ನಾನು ಹೊಳೆಗೆ ಹೋಗುತ್ತಿದ್ದದ್ದು ಅಂತ ಈಗ ಅನ್ನಿಸುತ್ತದೆ.

ಊಟವಾದ ಮೇಲೆ ಈರೇಶನ ಗಾಳಕ್ಕೆ ಮೀನು ಬಿತ್ತು. ಅವನ ಜೀವಮಾನದ ಮೊದಲ ಮೀನು. "ಕಾಕಾ, ಜಗ್ಗಾಕತ್ತೈತಿ, ಏನ್ ಮಾಡ್ಲಿ?" ಅಂತ ಕೂಗಿದ. ಒಮ್ಮೆ ನೀರಿನಿಂದ ಎಗರಿತು, ಕಣ್ಣಾರೆ ಕಂಡೆ, ಒಂದೂವರೆ ಮೊಳಕ್ಕೆ ಮೋಸವಿಲ್ಲ. ಕೈಬಲೆ ಹಿಡಿದು ಅವನತ್ತ ಓಡಿದೆ. ಕಣ್ಣು ಮೀನಿನ ಮೇಲೆ, ಕಾಲು ಮಂಜಿನ ಅಂಚಿನ ಮೇಲೆ. ಅಂಚು ಮುರಿಯಿತು. ಎದೆಮಟ್ಟದ ನೀರು, ರಬ್ಬರಿನ ಪ್ಯಾಂಟಿನೊಳಗೆ ನುಗ್ಗಿ ಕೆಳಕ್ಕೆ ಎಳೆಯತೊಡಗಿತು. ಉಸಿರೇ ಬರಲಿಲ್ಲ.

ಮುಂದಿನ ಕ್ಷಣಕ್ಕೆ ನನ್ನ ಜಾಕೀಟಿನ ಕೊರಳಪಟ್ಟಿ ಈರೇಶನ ಮುಷ್ಟಿಯಲ್ಲಿತ್ತು. ಅವನ ಎರಡೂ ಕೈ ನನ್ನ ಮೇಲಿದ್ದವು. ರಾಡು, ರೀಲು, ಮೀನು ಎಲ್ಲ ಸೇತುವೆಯ ಕೆಳಗೆ ಹೋಗಿಬಿಟ್ಟಿದ್ದವು. ಶ್ರೀನಾಥ ದಡದಲ್ಲಿ ಒಂದಷ್ಟು ದೂರ ಓಡಿ ಬರಿಗೈಯಲ್ಲಿ ಬಂದ.

ಹಲ್ಲು ಕಟಕಟ ಅನ್ನುತ್ತಿದ್ದರೂ ನನ್ನ ಬಾಯಿಂದ ಮೊದಲು ಬಂದ ಮಾತು, "ಲೇ ಮಂಗ್ಯಾ, ರಾಡ್ ಯಾಕ ಬಿಟ್ಟಿ?"

ಈರೇಶ ನಕ್ಕ. "ಮತ್ತೇನ್ರಿ ಕಾಕಾ, ನೀವು ನೀರಾಗ ಮುಳಗಾಕತ್ತಿದ್ರ ನಾ ಮೀನ ಹಿಡ್ಕೊಂಡ ನಿಂದರಬೇಕಿತ್ತೇನು?"

ಮೈಯೆಲ್ಲ ಉರಿದುಹೋಯಿತು ನೋಡು. ಬೇಜವಾಬ್ದಾರಿ ಅಂದೆ, ಇನ್ನೊಬ್ಬರ ಸಾಮಾನಿನ ಕಿಮ್ಮತ್ತು ಗೊತ್ತಿಲ್ಲ ಅಂದೆ, ಇನ್ನು ನಮ್ಮ ಮನೆಗೆ ಬರಬೇಡ ಅಂತಲೂ ಅಂದುಬಿಟ್ಟೆ. ಅವನು ತಲೆತಗ್ಗಿಸಿ ನನ್ನ ಕಾಲಿನ ರಬ್ಬರು ಕಳಚುತ್ತಲೇ ಇದ್ದ. ಕೊನೆಗೆ ಶ್ರೀನಾಥನೇ, "ಅವ್ರು ನಿಮ್ಮನ್ನ ಎತ್ತಿದ್ದಕ್ಕೆ ಬೈತಿದ್ದೀರಲ್ಲ ಅಂಕಲ್" ಅಂದ.

ಮನೆಯಲ್ಲೂ ಕೂಗಾಡಿದೆ. ಗಿರಿಜವ್ವ ಕಷಾಯ ತಂದಿಟ್ಟು ಎಲ್ಲ ಕೇಳಿದಳು. ಆಮೇಲೆ, "ಅಂವ ನಿಮಗೇನೂ ಅಂದಿಲ್ಲ. ಕುಂಬಳಕಾಯಿ ಕಳ್ಳ ಅಂದ್ರ ನೀವ್ಯಾಕ ಹೆಗಲ ಮುಟ್ಟಿ ನೋಡ್ಕೋತೀರಿ?" ಅಂದಳು. ಅವಳ ಮೇಲೂ ರೇಗಿದೆ. ಎರಡು ದಿನದಿಂದ ಜ್ವರ. ಈರೇಶ ಬಾಗಿಲ ತನಕ ಬಂದು ಮಾತ್ರೆ ಕೊಟ್ಟು, ಒಳಗೆ ಬಾರದೆ ಹೋದನಂತೆ. ಇವತ್ತು ಅವನಿಗೆ ಫೋನು ಮಾಡಿ ತಪ್ಪಾಯಿತಪ್ಪಾ ಅಂದೆ. ಅವನಿಗೆ ಹೇಳುವುದು ಸುಲಭವಿತ್ತು.

ನಿನ್ನ ಸೊಂಟಕ್ಕೆ ಈ ಚಳಿ ಕೆಟ್ಟದ್ದು, ಹೊರಗೆ ಅಡ್ಡಾಡಬೇಡ. ತೃಪ್ತಿಗೆ ಆಶೀರ್ವಾದ ಹೇಳು. ಬಸವಣ್ಣ ನಿಮ್ಮನ್ನೆಲ್ಲ ಚೆನ್ನಾಗಿ ಇಟ್ಟಿರಲಿ. ಗಿರಿಜವ್ವ ನಿನಗೆ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ನೀನು ಹ್ಞೂಂ ಅಂದರೆ ತಂದುಕೊಡುತ್ತೇನೆ.

ನಿನ್ನ
ರೇವಣಸಿದ್ದಪ್ಪ

ತಾ. ಕ.: ಇಷ್ಟು ಬರೆದು ಕವರಿಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದೆ. ನಾನು ನೋಡಿದ್ದೆ, ನಿಜಗುಣಾ. ನೀನು ಬಿದ್ದದ್ದು, ಕೈ ಎತ್ತಿದ್ದು ಎರಡನ್ನೂ ನೋಡಿದೆ. ನೀನು ಎರಡು ಸಲ ಕೂಗಿದ್ದೂ ಕೇಳಿಸಿತು. ನನ್ನ ಗಾಳಕ್ಕೆ ಮೀನು ಬಿದ್ದಿತ್ತು, ಮೂರು ಚಳಿಗಾಲದಲ್ಲಿ ಮೊದಲನೆಯದು. ತಾನೇ ಏಳುತ್ತಾನೆ ಬಿಡು ಅಂದುಕೊಂಡೆ. ಅದನ್ನು ದಡಕ್ಕೆ ತಂದೆ, ಬಾಯಿಂದ ಗಾಳ ಬಿಡಿಸಿದೆ, ಸುಧಾರಿಸಿಕೊಳ್ಳಲಿ ಅಂತ ನೀರಿನಲ್ಲಿ ಎರಡು ನಿಮಿಷ ಕೈಯಲ್ಲಿ ಹಿಡಿದಿದ್ದು ಆಮೇಲೆ ಬಿಟ್ಟೆ. ತಿರುಗಿದಾಗ ನಾಯಿ ಅಡ್ಡಾಡಿಸಲು ಬಂದಿದ್ದ ಹೆಣ್ಣುಮಗಳೊಬ್ಬಳು ನಿನ್ನನ್ನು ದಡಕ್ಕೆ ಎಳೆದಿದ್ದಳು. ನೀನು ಅಲ್ಲೇ ಮಲಗಿ ನನ್ನನ್ನೇ ನೋಡುತ್ತಿದ್ದೆ. ಆದರೂ ಆಸ್ಪತ್ರೆಯಲ್ಲಿ ತೃಪ್ತಿ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ, "ಕಾಕಾಗ ಕಂಡಿಲ್ಲವ್ವಾ" ಅಂದವನು ನೀನು.